ರಿಸೆಪ್ಷನ್‌ನಲ್ಲಿ ವೈನ್ ಇಡೋದಾ, ಬೇಡ್ವಾ? ಚಿಕ್ಕಪ್ಪ ಕುಡಿತ ಬಿಟ್ಟು 14 ತಿಂಗಳು

ಮದುಮಗಳ ಅಣ್ಣ

ಎಲ್ಲರಿಗೂ ವಂದನೆಗಳು. ಈಸ್ಟರ್ ಕಳೆದ ಎರಡನೇ ಶನಿವಾರ ನನ್ನ ತಂಗಿಯ ಮದುವೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯವರು, ಮನೆ ಲಿಂಗರಾಜಪುರ. ಹುಡುಗನ ಕಡೆಯವರು ಮಂಗಳೂರಿನ ಕಥೋಲಿಕರು, ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲೇ ಇದ್ದಾರೆ. ಬಹಳ ಒಳ್ಳೆಯ ಜನ. ಅವರಲ್ಲಿ ರಿಸೆಪ್ಷನ್ ಅಂದರೆ ಕೇಕ್, ಟೋಸ್ಟ್, ಪ್ರತಿಯೊಬ್ಬರ ಕೈಯಲ್ಲೂ ವೈನ್ ಗ್ಲಾಸ್. ನಮ್ಮಲ್ಲಿ ಬಿರಿಯಾನಿ, ಐಸ್ ಕ್ರೀಮ್, ಮನೆಗೆ. ಖರ್ಚು ಎರಡೂ ಕಡೆಯವರದು ಅರ್ಧರ್ಧ.

ತೊಂದರೆ ಇರುವುದು ನಮ್ಮ ಕಡೆ. ಚಿಕ್ಕಪ್ಪ ಕುಡಿತ ಬಿಟ್ಟು 14 ತಿಂಗಳಾಯಿತು. ಅದಕ್ಕೆ ಮುಂಚಿನ ಕಥೆ ಇಲ್ಲಿ ಬೇಡ. ಒಂದು ಮಾತ್ರ ಹೇಳುತ್ತೇನೆ. ನಮ್ಮಮ್ಮ ಪ್ರತಿ ಕ್ರಿಸ್ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಹಾಕುತ್ತಿದ್ದರು. ಭರಣಿಗೆ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಬಾಯಿಗೆ ಬಿಳಿ ಬಟ್ಟೆ. ಒಂದು ಡಿಸೆಂಬರ್‌ನಲ್ಲಿ ಸೋಸಲು ಅಂತ ಬಟ್ಟೆ ಬಿಚ್ಚಿದರೆ ಒಳಗೆ ಬರೀ ಸಿಪ್ಪೆ ಇತ್ತು. ಅಮ್ಮ ಯಾರನ್ನೂ ಏನೂ ಕೇಳಲಿಲ್ಲ. ಆ ಭರಣಿಯಲ್ಲಿ ಈಗ ನಾಲ್ಕು ವರ್ಷದಿಂದ ಹುಣಸೆಹಣ್ಣು ಇದೆ.

ನನ್ನ ಪ್ರಶ್ನೆ ಇಷ್ಟೇ. ಒಬ್ಬರಿಗೋಸ್ಕರ 300 ಜನರ ಟೋಸ್ಟ್ ನಿಲ್ಲಿಸುವುದು ನ್ಯಾಯವಾ? ಸುಳ್ಳು ಯಾಕೆ ಹೇಳಲಿ, ತಂಗಿಯ ಮದುವೆಯಲ್ಲಿ ಒಂದು ಗ್ಲಾಸ್ ಎತ್ತಬೇಕು ಅಂತ ನನಗೂ ಆಸೆ ಇದೆ. ಅಪ್ಪ "ಕ್ರಿಸ್ತನಲ್ಲಿ ನಾವು ಸ್ವತಂತ್ರರು ಕಣೋ" ಅನ್ನುತ್ತಾರೆ. ಅಮ್ಮ ಮಾತೇ ಆಡುತ್ತಿಲ್ಲ.

ಫಿಲ್ಟರ್ ಕಾಫಿ, ಫ್ರೇಜರ್ ಟೌನ್

ಮದುವೆಯಲ್ಲಿ ವೈನ್ ಇರಬೇಕಾ ಅಂತ ಕ್ರೈಸ್ತರೇ ಕೇಳಿದರೆ ಹೇಗೆ ಸ್ವಾಮಿ? ಯೇಸು ನೀರನ್ನು ವೈನ್ ಮಾಡಿದ ಕಾನಾ ಊರಿನ ಮದುವೆ ಮರೆತುಹೋಯಿತಾ? ಆರು ಕಲ್ಲಿನ ಬಾನೆ. ಯೋಹಾನ ತನ್ನ ಸುವಾರ್ತೆಯಲ್ಲಿ ಕೊಟ್ಟಿರುವ ಅಳತೆಯನ್ನು ಲೀಟರ್‌ಗೆ ತಿರುಗಿಸಿದರೆ 450ಕ್ಕೂ ಮೇಲೆ ಬರುತ್ತದೆ. ಅಷ್ಟೂ ವೈನ್, ಅದೂ ಜನ ಆಗಲೇ ಕುಡಿದು ಮುಗಿಸಿದ ಮೇಲೆ!

ನನ್ನ ಸಲಹೆ: ಒಂದು ಮೂಲೆಯಲ್ಲಿ ಬೇರೆ ಟೇಬಲ್ ಹಾಕಿಸಿ. ಬೇಕಾದವರು ಹೋಗುತ್ತಾರೆ. ಚಿಕ್ಕಪ್ಪ ಏನು ಮಗುವಾ? ಇವತ್ತು ಅವರಿಗೋಸ್ಕರ ವೈನ್ ನಿಲ್ಲಿಸಿದರೆ ನಾಳೆ ಶುಗರ್ ಇರುವ ದೊಡ್ಡಪ್ಪನಿಗೋಸ್ಕರ ಕೇಕ್ ನಿಲ್ಲಿಸಬೇಕು, ಬಿಪಿ ಇರುವ ಅತ್ತೆಗೋಸ್ಕರ ಬಿರಿಯಾನಿಗೆ ಉಪ್ಪು ಬಿಡಬೇಕು.

ಸಂಡೇ ಸ್ಕೂಲ್ ಟೀಚರಮ್ಮ

ಕಾಫಿ ಬ್ರದರ್, ಕೇಕ್ ನೋಡಿ ದೊಡ್ಡಪ್ಪ ಹೆಂಡತಿಯ ಬಳೆ ಮಾರಲು ಹೋಗಲ್ಲ. ಎರಡೂ ಒಂದೇನಾ?

ಕಾನಾ ಇರಲಿ, ಸ್ವಲ್ಪ ಕೊರಿಂಥಕ್ಕೆ ಬನ್ನಿ. ಅಪೊಸ್ತಲ ಪೌಲ ಗ್ರೀಸಿನ ಆ ಊರಿನ ಸಭೆಗೆ ಬರೆದ ಮೊದಲನೇ ಕೊರಿಂಥ ಪತ್ರಿಕೆಯ 8, 9, 10ನೇ ಅಧ್ಯಾಯಗಳನ್ನು ಒಟ್ಟಿಗೆ ಕೂತು ಓದಬೇಕು. ನಾವು 9ನೆಯದರ ಓಟದ ಪಂದ್ಯದ ನಾಲ್ಕು ಸಾಲು ಮಾತ್ರ ಕಿತ್ತು ಮಕ್ಕಳ ಕ್ಯಾಂಪ್‌ಗೆ ಬ್ಯಾನರ್ ಮಾಡುತ್ತೇವೆ. ನಾನೂ ಮಾಡಿದ್ದೇನೆ.

ಅಲ್ಲಿ ಜಗಳ ಶುರುವಾಗಿದ್ದು ಬಾಡಿನಿಂದ. ಆ ಊರಿನ ದೇವಸ್ಥಾನಗಳಲ್ಲಿ ಬಲಿ ಕೊಟ್ಟ ಮಾಂಸ ಅಲ್ಲೇ ಊಟಕ್ಕೂ ಬಳಕೆಯಾಗುತ್ತಿತ್ತು, ಅಂಗಡಿಗೂ ಬರುತ್ತಿತ್ತು. ಕೊರಿಂಥದ ಅಗೆತದಲ್ಲಿ ಅಸ್ಕ್ಲೇಪಿಯ ಅನ್ನೋ ವೈದ್ಯದೇವರ ಗುಡಿಗೆ ಸೇರಿದ ಊಟದ ಕೋಣೆಗಳು ಸಿಕ್ಕಿವೆ. ನಮ್ಮ ಮಲ್ಲೇಶ್ವರದಲ್ಲಿ ದೇವಸ್ಥಾನದ ಪಕ್ಕ ಕಲ್ಯಾಣ ಮಂಟಪ ಇರುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ನೆಂಟರ ಮನೆ ಸಮಾರಂಭಕ್ಕೆ ಕರೆದರೆ ಅಲ್ಲೇ ಹೋಗಿ ಕೂರಬೇಕು.

ಸಭೆಯ ಕೆಲವರು ವಾದ ಮಾಡಿದರು: ವಿಗ್ರಹ ಅಂದರೆ ಏನೂ ಇಲ್ಲ, ದೇವರು ಒಬ್ಬನೇ, ಬಾಡು ಬರೀ ಬಾಡು, ತಿಂದರೆ ಏನು? ಪೌಲ "ನೀವು ಹೇಳೋದು ತಪ್ಪು" ಅನ್ನಲಿಲ್ಲ. ವಾದ ಸರಿ ಅಂತ ಒಪ್ಪಿಕೊಂಡೇ ಮುಂದಕ್ಕೆ ಹೋದ. ನೀನು ಅಲ್ಲಿ ಕೂತು ತಿನ್ನೋದನ್ನು ನೋಡಿ, ನಿನ್ನೆ ಮೊನ್ನೆ ಆ ಪೂಜೆ ಬಿಟ್ಟು ಬಂದ ಬಲವಿಲ್ಲದ ಸಹೋದರ, ಮನಸ್ಸು ಬೇಡ ಅನ್ನುತ್ತಿದ್ದರೂ ತಿಂದು ಹಾಳಾದರೆ? ಅವನಿಗೋಸ್ಕರವೂ ಕ್ರಿಸ್ತನು ಸತ್ತನಲ್ಲವಾ? ನನ್ನ ಸಹೋದರ ಎಡವೋದಾದರೆ ನಾನು ಇನ್ನೆಂದೂ ಬಾಡು ಮುಟ್ಟಲ್ಲ ಅಂದ.

ಆಮೇಲೆ 9ನೇ ಅಧ್ಯಾಯ. ಅದರ ಅರ್ಧದಷ್ಟು ಅವನು ತನ್ನ ಹಕ್ಕುಗಳ ಪಟ್ಟಿಯನ್ನೇ ಓದುತ್ತಾನೆ. ನನಗೆ ಊಟಕ್ಕೆ ಹಕ್ಕಿಲ್ಲವಾ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಓಡಾಡೋಕೆ ಹಕ್ಕಿಲ್ಲವಾ, ದ್ರಾಕ್ಷಿತೋಟ ಹಾಕಿದವನು ಅದರ ಹಣ್ಣು ತಿನ್ನಲ್ವಾ, ಕಣ ತುಳಿಯೋ ಎತ್ತಿನ ಬಾಯಿಗೆ ಕುಕ್ಕೆ ಹಾಕಬೇಡ ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆಯಲ್ಲ. ವಕೀಲನ ಹಾಗೆ ಒಂದೊಂದೇ ಸಾಬೀತು ಮಾಡಿ, ಕೊನೆಗೆ, ಇದರಲ್ಲಿ ಒಂದನ್ನೂ ನಾನು ಉಪಯೋಗಿಸಲಿಲ್ಲ ಅನ್ನುತ್ತಾನೆ. ಆ ಊರಲ್ಲಿ ಒಂದೂವರೆ ವರ್ಷ ಇದ್ದ. ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ ಹೆಂಡತಿ ಜೊತೆ ಗುಡಾರ ಹೊಲಿದು ಹೊಟ್ಟೆ ಹೊರೆದ. ಕೊರಿಂಥದ ಸಭೆಯವರಿಂದ ಸಂಬಳ ಮುಟ್ಟಲಿಲ್ಲ.

ಅಣ್ಣನವರೇ, ವೈನ್ ಇಡೋದು ಪಾಪ ಅಂತ ನಾನು ಹೇಳಲ್ಲ. ಇಡೋ ಹಕ್ಕು ನಿಮಗಿದೆ. ಅದು ನಿಮ್ಮ ಕೈಯಲ್ಲಿದೆ, ಹಾಗಾಗಿ ಬಿಡೋಕೂ ಬರುತ್ತದೆ.

ಸೊಸೆ ನಂಬರ್ ಒನ್

ಟೀಚರಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಈ "ಬಲವಿಲ್ಲದ ಸಹೋದರ" ಅನ್ನೋ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ.

ಮದುವೆಯಾದ ಮೊದಲ ಭಾನುವಾರ. ಆರಾಧನೆಗೆ ಹೊರಟಿದ್ದೆ. ಅಮ್ಮ ಕಳಿಸಿದ್ದ ಮಲ್ಲಿಗೆ, ಒಂದೇ ಮೊಳ, ಮುಡಿದಿದ್ದೆ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ತೆಗೆಸಿದರು. "ಹೊಸದಾಗಿ ನಂಬಿದವರು ನೋಡ್ತಾರಮ್ಮ, ಎಡವ್ತಾರೆ" ಅಂದರು. ಹೂವನ್ನು ಶೂ ಸ್ಟ್ಯಾಂಡ್ ಮೇಲೆ ಇಟ್ಟು ಹೋದೆ. ವಾಪಸ್ ಬರುವಷ್ಟರಲ್ಲಿ ಬಾಡಿಹೋಗಿತ್ತು. ಆಮೇಲೆ ಓಲೆ ಹೋಯಿತು, ಬಳೆ ಹೋಯಿತು, ಕ್ವಯರ್‌ನಲ್ಲಿ ಸೋಲೋ ಹಾಡೋದು ಹೋಯಿತು. 11 ವರ್ಷವಾಯಿತು. ನನ್ನ ಹೂವಿಗೆ ಕಾಲು ತಾಗಿ ಬಿದ್ದವರು ಒಬ್ಬರೂ ನನಗೆ ಸಿಕ್ಕಿಲ್ಲ. ಅದೇ ಸಭೆಯ ಹಿರಿಯರೊಬ್ಬರು ಮಿರಮಿರ ಮಿಂಚೋ ಕಾರಲ್ಲಿ ಬಂದು ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ. ಅದಕ್ಕೆ ಮಾತ್ರ ಯಾರೂ ಎಡವಲ್ವಂತೆ.

ತ್ಯಾಗ ತ್ಯಾಗ ಅಂತೀರಲ್ಲ, ಒಂದ್ಸಲ ಲೆಕ್ಕ ಹಾಕಿ. ಪ್ರತಿ ಮನೆಯಲ್ಲೂ ಬಿಡೋ ಸರದಿ ಯಾರದು?

ಫಿಲ್ಟರ್ ಕಾಫಿ, ಫ್ರೇಜರ್ ಟೌನ್

ಇದಕ್ಕೆ ನಾನು ಎರಡೂ ಕೈ ಎತ್ತುತ್ತೇನೆ.

ಸಂಡೇ ಸ್ಕೂಲ್ ಟೀಚರಮ್ಮ

ಇಳಿಸಿ ಬ್ರದರ್, ಇನ್ನೂ ಮುಗಿದಿಲ್ಲ.

ಸೊಸೆಯವರೇ, ನಿಮ್ಮ ಮಾತು ಎರಡು ಸಲ ಓದಿದೆ. ನಿಮಗೆ ಆಗಿದ್ದಕ್ಕೂ ಪೌಲ ಹೇಳಿದ್ದಕ್ಕೂ ಸಂಬಂಧ ಇಲ್ಲ. ಅವನು ಹೇಳೋ ಬಲವಿಲ್ಲದವನು ನಿಮ್ಮನ್ನು ನೋಡಿ ತಾನೂ ಹಾಗೇ ಮಾಡಿ ಹಾಳಾಗೋನು. ನಿಮ್ಮತ್ತೆ ನಿಮ್ಮ ಮಲ್ಲಿಗೆ ನೋಡಿ ತಾವೂ ಮುಡಿದು ನಂಬಿಕೆ ಕಳೆದುಕೊಳ್ಳೋ ಪೈಕಿನಾ? ಅವರಿಗೆ ಇಷ್ಟ ಇಲ್ಲ, ಅಷ್ಟೇ. ಇಷ್ಟವಿಲ್ಲದಿರೋದಕ್ಕೂ ಎಡವೋದಕ್ಕೂ ಬಹಳ ದೂರ.

ಪೌಲನೇ ಈ ವಿಷಯದಲ್ಲಿ ಎರಡು ಥರ ನಡೆದುಕೊಂಡಿದ್ದಾನೆ. ತನ್ನ ಜೊತೆಗಾರ ತಿಮೊಥೆಗೆ ಸುನ್ನತಿ ಮಾಡಿಸಿದ, ಅಪೊಸ್ತಲರ ಕೃತ್ಯಗಳು 16ರಲ್ಲಿ ಇದೆ. ಹುಡುಗನ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಆ ಸೀಮೆಯ ಯೆಹೂದ್ಯರ ಮಧ್ಯೆ ಕೆಲಸ ಮಾಡಬೇಕಿತ್ತು. ಯಾರೂ ಬಲವಂತ ಮಾಡಿರಲಿಲ್ಲ, ತಾನಾಗೇ ಮಾಡಿಸಿದ. ಅದೇ ಪೌಲ ಇನ್ನೊಬ್ಬ ಜೊತೆಗಾರ ತೀತನ ವಿಷಯದಲ್ಲಿ, ಗಲಾತ್ಯ 2ರಲ್ಲಿ ನೋಡಿ, ಸುನ್ನತಿ ಆಗಲೇಬೇಕು ಅಂತ ಕೂತವರಿಗೆ ಒಂದು ಗಳಿಗೆಯೂ ಬಗ್ಗಲಿಲ್ಲ. ತಾನಾಗಿ ಕೊಡೋದು ಬೇರೆ, ಕಿತ್ತುಕೊಳ್ಳೋಕೆ ಬಂದವರ ಕೈಗೆ ಇಡೋದು ಬೇರೆ.

ಇದನ್ನು ಓದಿ ನಿಮ್ಮತ್ತೆಗೆ ಹೇಳೋಕೆ ಹೋಗಬೇಡಿ ಮತ್ತೆ. ಜಗಳ ಬಿಡಿಸೋಕೆ ನಾನು ಬರಲ್ಲ.

ಪೀಣ್ಯ ಸೆಕೆಂಡ್ ಶಿಫ್ಟ್

ಇಷ್ಟು ದಿನ ಬರೀ ಓದುತ್ತಿದ್ದೆ. ಬಾಡಿನ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಟರ್ನರ್. ನಮ್ಮ ಶೆಡ್‌ನಲ್ಲಿ ಆಯುಧಪೂಜೆ ಜೋರು. ಲೇತ್‌ಗೆಲ್ಲ ಹೂವಿನ ಹಾರ, ಬೂದುಗುಂಬಳಕಾಯಿ, ಆಮೇಲೆ ಪ್ರತಿಯೊಬ್ಬರಿಗೂ ಪುರಿ, ಕಡಲೆ, ಸಿಹಿ ಬಾಕ್ಸ್. ವರ್ಷಾನುಗಟ್ಟಲೆ ಪುರಿ ತಿಂದಿದ್ದೇನೆ. ಪುರಿ ಪುರಿಯೇ ಅಂತ ನನ್ನ ಲೆಕ್ಕ. ಓನರ್ ಕೈಯಾರೆ ಕೊಡುವಾಗ ಮುಖ ತಿರುಗಿಸೋದು ನನಗೆ ಆಗಲ್ಲ.

ಎರಡು ವರ್ಷದ ಹಿಂದೆ ಒಬ್ಬ ಹೆಲ್ಪರ್ ಹುಡುಗ ಸೇರಿದ. ರಾಯಚೂರು ಕಡೆಯವನು. ನಮ್ಮ ಬೀದಿಯ ಪ್ರಾರ್ಥನೆ ಕೂಟಕ್ಕೆ ಆಗಷ್ಟೇ ಬರೋಕೆ ಶುರು ಮಾಡಿದ್ದ. ಆ ವರ್ಷ ಪೇಪರ್ ಪೊಟ್ಟಣ ಕೈಗೆ ಬಂದಾಗ ಅವನು ಅದನ್ನು ಬಿಚ್ಚಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಂತ. ನಾನು ತಿಂದರೆ ತಿನ್ನೋದು, ಬಿಟ್ಟರೆ ಬಿಡೋದು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ತಿಂದರೆ ರಾತ್ರಿ ನಿದ್ದೆ ಮಾಡಲ್ಲ ಅಂತ. ಒಂದು ಹಿಡಿ ಪುರಿ ಬಾಯಿಗೆ ಹೋಗೋದರಲ್ಲಿತ್ತು, ವಾಪಸ್ ಪೊಟ್ಟಣಕ್ಕೆ ಹಾಕಿದೆ. "ಆಮೇಲೆ ತಿಂತೀನಿ ಸರ್" ಅಂತ ಓನರ್‌ಗೆ ಹೇಳಿ ಜೇಬಲ್ಲಿ ಇಟ್ಟುಕೊಂಡೆ. ಗೇಟ್ ಹತ್ತಿರ ವಾಚ್‌ಮನ್ ತಾತನಿಗೆ ಕೊಟ್ಟೆ.

ಸುಳ್ಳು ಹೇಳಿದೆನಲ್ಲ ಅಂತ ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ. ಆದರೆ ಆ ಹುಡುಗನ ಮುಖ ಸಡಿಲವಾಗಿದ್ದು ನೋಡಿದ್ದೇನೆ. ಈಗ ಆಯುಧಪೂಜೆ ದಿನ ಪೂಜೆಗೆ ಮುಂಚೆಯೇ ಓನರ್ ಹತ್ತಿರ ಹೋಗಿ "ನಮ್ಮಲ್ಲಿ ಪದ್ಧತಿ ಇಲ್ಲ ಸರ್, ಬೇಜಾರು ಮಾಡ್ಕೋಬೇಡಿ" ಅಂತ ನೇರವಾಗಿ ಹೇಳುತ್ತೇನೆ. ಮೆಷಿನ್ ತೊಳೆದು ಒರೆಸೋ ಕೆಲಸಕ್ಕೆ ಮಾತ್ರ ನಾನೇ ಮುಂದೆ.

ನಿರ್ವಾಹಕರು

ವೈನ್‌ನಿಂದ ಹೊರಟಿದ್ದು ಪ್ರಸಾದಕ್ಕೆ ಬಂದಿದೆ. ಮುಂದುವರಿಸಿ, ಅಡ್ಡಿಯಿಲ್ಲ. ಯಾರ ದೇವರನ್ನೂ ಹಗುರವಾಗಿ ಬರೆಯಬೇಡಿ. ಒಂದು ಕಮೆಂಟ್ ತೆಗೆದಿದ್ದೇನೆ.

ಸಂಡೇ ಸ್ಕೂಲ್ ಟೀಚರಮ್ಮ

ಪೀಣ್ಯ ಬ್ರದರ್, ನೀವು ಮಾಡಿದ್ದು 10ನೇ ಅಧ್ಯಾಯದ ಕೊನೆಯಲ್ಲಿ ಹಾಗೇ ಇದೆ. ಅಂಗಡಿಯಲ್ಲಿ ಮಾರೋದನ್ನು ಎಲ್ಲಿಂದ ಬಂತು ಅಂತ ಕೆದಕದೆ ತಿನ್ನಿ, ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಆದರೆ ಪಕ್ಕದವನು "ಇದು ಬಲಿಯದು" ಅಂದರೆ ಅವನಿಗೋಸ್ಕರ ಬಿಡಿ. ನಿನ್ನ ಮನಸ್ಸಾಕ್ಷಿಗಾಗಿ ಅಲ್ಲ, ಅವನದಕ್ಕಾಗಿ. ಅಂದರೆ ಯಾವಾಗಲೂ ಬಿಡು ಅಂತ ನಿಯಮ ಇಲ್ಲ. ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡಬೇಕು.

ಕಬ್ಬನ್ ಪಾರ್ಕ್ ಓಟಗಾರ

ಟೀಚರಮ್ಮ ಬ್ಯಾನರ್ ಬಗ್ಗೆ ಹೇಳಿದರಲ್ಲ, ಆ ನಾಲ್ಕು ಸಾಲಿನಿಂದಲೇ ನಾನು ಓಡೋಕೆ ಶುರು ಮಾಡಿದ್ದು. ನಗಬೇಡಿ.

ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆ ನಡೆಯುತ್ತಿತ್ತು. ಆ ಊರಿನವರಿಗೆ ಓಟ, ಗುದ್ದಾಟ ಅಂದರೆ ನಮಗೆ ಚಿನ್ನಸ್ವಾಮಿ ಸ್ಟೇಡಿಯಂ ಇದ್ದ ಹಾಗೆ. ಗೆದ್ದವನ ತಲೆಗೆ ಒಣಗಿದ ಸೆಲರಿ ಸೊಪ್ಪಿನ ಇಲ್ಲವೇ ಪೈನ್ ಎಲೆಯ ಕಿರೀಟ. ಬಾಡು ಬಿಡ್ತೀನಿ ಅಂದವನು ಮುಂದಿನ ಪುಟದಲ್ಲೇ ಬಾಡಿಹೋಗೋ ಕಿರೀಟದ ಮಾತು ತೆಗೆಯುತ್ತಾನೆ. (ಕನ್ನಡದಲ್ಲಿ ಓದೋರಿಗೆ ಮಾತ್ರ ಸಿಗೋ ಮಜಾ ಇದು. ಗ್ರೀಕಲ್ಲಿ ಇಲ್ಲ!) ಒಲಿಂಪಿಯದಲ್ಲಂತೂ ಹತ್ತು ತಿಂಗಳು ನಿಯಮದ ಪ್ರಕಾರ ತರಬೇತಿ ಮಾಡಿದ್ದೇವೆ ಅಂತ ಓಟಗಾರರು ಆಣೆ ಇಡಬೇಕಿತ್ತು. ಪೌಲ ತನ್ನ ಮೈಗೆ ತಾನೇ ಗುದ್ದುತ್ತೇನೆ ಅನ್ನೋ ಕಡೆ ಗ್ರೀಕ್ ಪದಕ್ಕೆ ಕಣ್ಣಿನ ಕೆಳಗೆ ಏಟು ಹಾಕೋದು ಅಂತ ಅರ್ಥ ಇದೆಯಂತೆ.

ನಮ್ಮೂರಲ್ಲಿ 2008ರಿಂದ 10ಕೆ ಓಟ ನಡೆಯುತ್ತಿದೆ. ನಾನು ಏಳು ಸಲ ಓಡಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಎಣ್ಣೆ ತಿಂಡಿ ಬಿಡೋದು, ಮಳೆ ಬಂದರೂ ಹೊರಡೋದು. ನನ್ನ ಟೈಮ್ 48 ನಿಮಿಷಕ್ಕೆ ಇಳಿಯಿತು. ಆಮೇಲೆ ಒಬ್ಬ ಅಂಧ ಗೆಳೆಯರಿಗೆ ಗೈಡ್ ಆಗಿ ಓಡು ಅಂತ ಯಾರೋ ಕೇಳಿದರು. ಇಬ್ಬರ ಕೈಗೂ ಒಂದು ಚಿಕ್ಕ ಹಗ್ಗ. ಮೊಳ ಉದ್ದವೂ ಇಲ್ಲ. ಅವರ ಹೆಜ್ಜೆಗೆ ನನ್ನ ಹೆಜ್ಜೆ ಸೇರಬೇಕು. "ಹಂಪ್ ಬಂತು, ಮೂರು ಹೆಜ್ಜೆ", "ಎಡಕ್ಕೆ ತಿರುವು", "ನೀರಿನ ಬಾಟಲಿ ಬಿದ್ದಿದೆ, ಬಲಕ್ಕೆ" ಅಂತ ಬಾಯಿ ನಿಲ್ಲೋ ಹಾಗಿಲ್ಲ. ಒಂದು ಗಂಟೆ ಹದಿನಾಲ್ಕು ನಿಮಿಷ ಆಯಿತು.

ಆಗ ಒಂದು ಗೊತ್ತಾಯಿತು. ತನಗೇ ಏದುಸಿರು ಬರುವವನು ಇನ್ನೊಬ್ಬರಿಗೆ ದಾರಿ ಹೇಳಲಾರ. ಆ 48 ನಿಮಿಷದ ಕಷ್ಟವೆಲ್ಲ ಮೈಯಲ್ಲಿ ಇದ್ದಿದ್ದರಿಂದ ಮಾತಾಡುತ್ತಾ ಓಡೋಕೆ ಉಸಿರು ಮಿಕ್ಕಿತ್ತು. ಅಣ್ಣ, ನೀವು ಒಂದು ಗ್ಲಾಸ್ ಬೇಕು ಅಂತ ಬರೆದಿದ್ದೀರಿ. ಒಂದು ಸಂಜೆ ಅದಿಲ್ಲದೆ ಇರೋಕೆ ಆಗುತ್ತಾ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಚಿಕ್ಕಪ್ಪ ಅದನ್ನು ನಾನೂರಕ್ಕೂ ಹೆಚ್ಚು ಸಂಜೆ ಮಾಡಿದ್ದಾರೆ. ಬಲ ಯಾರದು ಜಾಸ್ತಿ?

ಕ್ವಯರ್ ಹಿಂದಿನ ಸಾಲು

ಚಿಕ್ಕದೊಂದು ಮಾತು. ನಮ್ಮ ಸಿಎಸ್‌ಐ ಹುಟ್ಟಿದ್ದು 27 ಸೆಪ್ಟೆಂಬರ್ 1947ರಂದು, ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಎಸ್‌ಐಯುಸಿ (ಸೌತ್ ಇಂಡಿಯಾ ಯುನೈಟೆಡ್ ಚರ್ಚ್) ಸಭೆಗಳು ಒಂದಾದಾಗ. ಮೈಸೂರು ಸೀಮೆಯ ನಮ್ಮಂಥ ಹಳೇ ಕುಟುಂಬಗಳಲ್ಲಿ ಬಹಳ ಜನಕ್ಕೆ ಮೆಥಡಿಸ್ಟ್ ಬೇರು. ಅವರು ಕುಡಿತಕ್ಕೆ ಕಡು ವಿರೋಧ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರ್, ಮೆಥಡಿಸ್ಟ್. 1869ರಲ್ಲಿ ದ್ರಾಕ್ಷಿ ರಸವನ್ನು ಬಾಟಲಿಗೆ ತುಂಬಿ ಬಿಸಿ ಮಾಡಿ, ಹುಳಿ ಬರದ ಹಾಗೆ ಇಡೋದು ಕಂಡುಹಿಡಿದ. ಯಾತಕ್ಕೆ? ಕರ್ತನ ಭೋಜನದಲ್ಲಿ, ಅಂದರೆ ಚರ್ಚ್‌ನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚೋ ಆರಾಧನೆಯಲ್ಲಿ, ವೈನ್ ಬದಲು ಕೊಡೋಕೆ. ಇವತ್ತು ಎಷ್ಟೋ ಸಭೆಗಳಲ್ಲಿ ಆ ಪುಟ್ಟ ಲೋಟದಲ್ಲಿ ಬರೋದು ಜ್ಯೂಸೇ. ಪಾತ್ರೆಯಲ್ಲೇ ಬದಲಾಯಿಸಿಕೊಂಡವರಿಗೆ ರಿಸೆಪ್ಷನ್ ಹಾಲ್‌ನಲ್ಲಿ ಬದಲಾಯಿಸೋದು ಕಷ್ಟವಾ?

ಮಂಗಳೂರಿನವಳು, ಕಮ್ಮನಹಳ್ಳಿ

ನಮ್ಮವರನ್ನು ಕುಡುಕರು ಅಂತ ತಿಳಿಯಬೇಡಿ ದಯವಿಟ್ಟು! ಟೋಸ್ಟ್ ಅಂದರೆ ಹಾರೈಕೆ. ಮದುವೆಯ ಮುಂಚಿನ ದಿನ ರೋಸ್ ಅನ್ನೋ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಿ ಹರಸುತ್ತೇವೆ, ಮಾರನೇ ದಿನ ಗ್ಲಾಸ್ ಎತ್ತಿ ಹರಸುತ್ತೇವೆ. ಗ್ಲಾಸ್ ಇರಬೇಕು, ಎತ್ತಬೇಕು, ಹಾಡಬೇಕು. ಒಳಗೆ ಏನಿದೆ ಅಂತ ಯಾರು ಬಗ್ಗಿ ನೋಡುತ್ತಾರೆ?

ನಮ್ಮಪ್ಪ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ 40 ದಿನ ಮೀನು ಬಿಡುತ್ತಿದ್ದರು. ಮಾಂಸ ಬಿಡೋದು ಮಂಗಳೂರಿನವರಿಗೆ ದೊಡ್ಡದಲ್ಲ, ಮೀನಿದೆಯಲ್ಲ. ಅಪ್ಪ ಬಿಟ್ಟಿದ್ದು ಮೀನು. ದಿನಾ ಮೀನಿಗೆ ಆಗುತ್ತಿದ್ದ ದುಡ್ಡು ಬೋರ್ನ್‌ವಿಟಾ ಡಬ್ಬಿಗೆ ಬೀಳುತ್ತಿತ್ತು. ಈಸ್ಟರ್ ಹಿಂದಿನ ದಿನ ಡಬ್ಬಿ ಎಲ್ಲಿಗೆ ಹೋಗುತ್ತಿತ್ತು ಅಂತ ನಮಗೆ ಯಾರಿಗೂ ಹೇಳಲಿಲ್ಲ. ಅವರು ತೀರಿಕೊಂಡ ದಿನ ಪಕ್ಕದ ಬೀದಿಯ ಒಬ್ಬ ಹೆಂಗಸು ಬಂದು ಅತ್ತಾಗ ಗೊತ್ತಾಯಿತು.

ನೀವು ಹುಡುಗನ ತಾಯಿ ಹತ್ತಿರ ನೇರ ಮಾತಾಡಿ. ಗಂಡಸರ ಮೂಲಕ ಹೋದರೆ ಅದು ಮರ್ಯಾದೆ ಪ್ರಶ್ನೆ ಆಗುತ್ತದೆ.

ಒಂದು ದಿನ

ನಾನು ನಿಮ್ಮ ಚಿಕ್ಕಪ್ಪನ ಜಾಗದಲ್ಲಿ ಇದ್ದವನು. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಅನ್ನೋ, ಕುಡಿತ ಬಿಡೋರ ಗುಂಪಿಗೆ ಹೋಗುತ್ತೇನೆ. 9 ವರ್ಷ ಆಯಿತು. ನಮ್ಮಲ್ಲಿ ಹೆಸರು ಹೇಳಲ್ಲ, ಅದಕ್ಕೇ ಈ ಹೆಸರು. 1935ರಲ್ಲಿ ಅಮೆರಿಕದ ಅಕ್ರನ್ ಊರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಬಿಟ್ಟಿದ್ದರಿಂದ ಇದು ಶುರುವಾಯಿತು. ಇವತ್ತೊಂದು ದಿನ ಕುಡಿಯಲ್ಲ, ಅಷ್ಟೇ. ನಾಳೆಯದು ನಾಳೆ.

ಇಲ್ಲಿ ಬರೆದಿದ್ದೆಲ್ಲ ಓದಿದೆ. ಎಲ್ಲರೂ ಅವರ ಬಗ್ಗೆ ಮಾತಾಡಿದ್ದೀರಿ. ಅವರ ಜೊತೆ ಯಾರಾದರೂ ಮಾತಾಡಿದ್ದೀರಾ?

ನಾನು ಬಿಟ್ಟ ಮೊದಲ ವರ್ಷ ನಮ್ಮ ಕಸಿನ್ ಮದುವೆ. ನನಗೋಸ್ಕರ ಬಾಟಲಿ ಪೂರ್ತಿ ನಿಲ್ಲಿಸಿದ್ದರು. ಯಾಕೆ ನಿಲ್ಲಿಸಿದ್ದು ಅಂತ ಹಾಲ್‌ನಲ್ಲಿ ಇದ್ದ ಪ್ರತಿಯೊಬ್ಬರಿಗೂ ಗೊತ್ತು. ಒಬ್ಬೊಬ್ಬರಾಗಿ ಬಂದು ಬೆನ್ನು ತಟ್ಟಿದರು. "ವೆರಿ ಗುಡ್, ಹೀಗೇ ಇರು." "ನಿನಗೋಸ್ಕರ ನಾವೂ ಇವತ್ತು ಮುಟ್ಟಿಲ್ಲ ನೋಡು." ಅವತ್ತು ಗಂಟಲು ಒಣಗಿ ಕುಡಿಯಲೇಬೇಕು ಅನಿಸಿತು. ಆ ಹಾಲ್‌ನಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಆ ಬೆನ್ನು ತಟ್ಟೋದು ತಾಳಲಾರದೆ ಹಾಗಾಯಿತು. ಹೊರಗೆ ಬಂದು ನನ್ನ ಸ್ಪಾನ್ಸರ್‌ಗೆ (ಗುಂಪಿನಲ್ಲಿ ನನ್ನ ಜೊತೆ ನಿಲ್ಲೋ ಹಳೇ ಸದಸ್ಯರು) ಫೋನ್ ಮಾಡಿ, ಅವರು ಆಟೋದಲ್ಲಿ ಬಂದು ಕರೆದುಕೊಂಡು ಹೋದರು.

ಬಿಡೋದಾದರೆ ಸುಮ್ನೆ ಬಿಡಿ. ಬಿಲ್ ಕೈಗೆ ಕೊಡಬೇಡಿ.

ಸಂಡೇ ಸ್ಕೂಲ್ ಟೀಚರಮ್ಮ

ನಾನು ಇಷ್ಟುದ್ದ ಬರೆದು ಇದನ್ನೇ ಮರೆತಿದ್ದೆ. ರೋಮಾಪುರ ಪತ್ರಿಕೆಯ 14ರಲ್ಲಿ, ಸಹೋದರ ಎಡವೋದಾದರೆ ಮಾಂಸ ತಿನ್ನದೆ ದ್ರಾಕ್ಷಾರಸ ಕುಡಿಯದೆ ಇರೋದು ಒಳ್ಳೆಯದು ಅಂತ ಬರೆದ ಮರು ಸಾಲಿನಲ್ಲೇ, ಈ ವಿಷಯದಲ್ಲಿ ನಿನಗಿರೋ ನಂಬಿಕೆ ನಿನ್ನ ಮತ್ತು ದೇವರ ನಡುವೆ ಇರಲಿ ಅಂತ ಇದೆ. ಧನ್ಯವಾದ ಬ್ರದರ್.

ಮದುಮಗಳ ಅಣ್ಣ

ಮೂರು ದಿನ ಆಯಿತು ಬರೆಯದೆ. ನಿನ್ನೆ ಸಂಜೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ಬಚ್ಚಲಿನ ನಲ್ಲಿ ರಿಪೇರಿ ಮಾಡುತ್ತಿದ್ದರು. ಟೀಪಾಯ್ ಮೇಲೆ ಎಎ ಪುಸ್ತಕ, ಅದರ ಮೇಲೆ ಪ್ಲಂಬಿಂಗ್ ಟೇಪು.

ವಿಷಯ ಎತ್ತಿದ ತಕ್ಷಣ ಸಿಟ್ಟಾದರು. "ನನ್ನ ದೆಸೆಯಿಂದ ಮಗೂ ಮದುವೆ ಸಪ್ಪೆ ಆಯ್ತು ಅಂತ ಊರೆಲ್ಲ ಆಡ್ಕೋಬೇಕಾ? ಇಡ್ಸು ವೈನ್. ನಾನು ಟೋಸ್ಟ್ ಟೈಮಿಗೆ ಹೊರಗೆ ಹೋಗ್ತೀನಿ." ಸ್ಪ್ಯಾನರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ವಾಸನೆ ಬಂದ್ರೆ ಕಷ್ಟ ಕಣೋ. ನೋಡಿದ್ರೆ ಏನಾಗಲ್ಲ, ವಾಸನೆ ಬಂದ್ರೆ ಕಷ್ಟ."

ಹುಡುಗನ ತಾಯಿಗೆ ನಮ್ಮಮ್ಮನೇ ಫೋನ್ ಮಾಡಿದರು. ಬಾಗಿಲು ಹಾಕಿಕೊಂಡು ಅರ್ಧ ಗಂಟೆ. ಹೊರಗೆ ಬಂದು "ಆಯ್ತು" ಅಂದರು, ಅಷ್ಟೇ. ಯಾರಿಗೂ ಕಾರಣ ಹೇಳುವ ಹಾಗಿಲ್ಲ. ಅಪ್ಪನಿಗೆ ಇನ್ನೂ ಸಮಾಧಾನ ಇಲ್ಲ.

ಸೊಸೆ ನಂಬರ್ ಒನ್

ನೋಡಿ, ಇಲ್ಲೂ ಫೋನ್ ಮಾಡಿದ್ದು ಇಬ್ಬರು ಹೆಂಗಸರು. ಇರಲಿ. ಈ ಸಲ ಮನಸ್ಸಿನಿಂದ ಮಾಡಿದ್ದಾರೆ ಅನಿಸುತ್ತದೆ, ಅದಕ್ಕೆ ಬಿಟ್ಟೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮದುಮಗಳ ಅಣ್ಣ

ಮದುವೆ ಚೆನ್ನಾಗಿ ಮುಗಿಯಿತು. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಟೋಸ್ಟ್‌ಗೆ ಕಾಂಡಿಮೆಂಟ್ಸ್ ಅಂಗಡಿಯ ಜ್ಯೂಸ್ ಬೇಡ ಅಂತ ಅಮ್ಮ ಹಟ ಹಿಡಿದು ಮನೆಯಲ್ಲೇ ಮಾಡಿಸಿದರು. ಬಣ್ಣ ಎಷ್ಟು ಗಟ್ಟಿ ಬಂದಿತ್ತು ಅಂದರೆ ಹುಡುಗನ ಸೋದರಮಾವ ಒಂದು ಗುಟುಕು ಕುಡಿದು ಗ್ಲಾಸನ್ನೇ ನೋಡುತ್ತಾ ನಿಂತರು. ಮುಖ ಹುಳ್ಳಗೆ. ಆಮೇಲೆ ಅವರೂ ಇನ್ನೂ ಮೂವರೂ ಪಾರ್ಕಿಂಗ್‌ನಲ್ಲಿ ಒಂದು ಕಾರಿನ ಡಿಕ್ಕಿ ಹತ್ತಿರ ಬಹಳ ಹೊತ್ತು ಇದ್ದರು. ಅದಕ್ಕೆ ನಾನೇನು ಮಾಡಲಿ? ನಾನು ಹೋಗಲಿಲ್ಲ. ಕರೆದರು, ಹೋಗಬೇಕು ಅಂತಲೂ ಅನಿಸಿತ್ತು.

ಚಿಕ್ಕಪ್ಪ ಟೋಸ್ಟ್ ಹೊತ್ತಲ್ಲಿ ಹೊರಗೆ ಹೋಗಲಿಲ್ಲ. ಐಸ್ ಕ್ರೀಮ್ ಕೌಂಟರ್ ಪಕ್ಕ ನಿಂತು ಗ್ಲಾಸ್ ಎತ್ತಿದರು. ಎತ್ತುವ ಮುಂಚೆ ಮೂಸಿ ನೋಡಿದ್ದು ನಾನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಒಂಬತ್ತು ಗಂಟೆಗೆ "ನಾಳೆ ಬೆಳಿಗ್ಗೆ ಮೀಟಿಂಗ್ ಇದೆ" ಅಂತ ಹೊರಟರು. ಯಾರೂ ಬೆನ್ನು ತಟ್ಟಲಿಲ್ಲ.

ಫಿಲ್ಟರ್ ಕಾಫಿ, ಫ್ರೇಜರ್ ಟೌನ್

ಶುಭಾಶಯಗಳು ಬ್ರದರ್. ಕಾನಾ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಆದರೂ ಖುಷಿಯಾಯಿತು. ಆ ಜ್ಯೂಸ್ ಹೇಗೆ ಮಾಡಿದಿರಿ? ಜೂನ್‌ನಲ್ಲಿ ನಮ್ಮ ಮನೆಯಲ್ಲೂ ಒಂದು ನಾಮಕರಣ ಇದೆ. ನಮ್ಮ ಕಡೆಯಿಂದಲೂ ಒಬ್ಬರು ಬರುತ್ತಾರೆ, 14 ತಿಂಗಳಲ್ಲ, ಬರೀ ಎರಡು.

ಮದುಮಗಳ ಅಣ್ಣ

ರಸೆಲ್ ಮಾರ್ಕೆಟ್‌ನಿಂದ ಬೆಂಗಳೂರು ಬ್ಲೂ ದ್ರಾಕ್ಷಿ ತಂದೆವು, 25 ಕೆಜಿ. ಬೇರೆ ದ್ರಾಕ್ಷಿಗೆ ಆ ಬಣ್ಣ, ಪರಿಮಳ ಬರಲ್ಲ. ಬಿಡಿಸಿ, ಉಪ್ಪು ನೀರಲ್ಲಿ ತೊಳೆದು, ಮುಳುಗುವುದಕ್ಕಿಂತ ಸ್ವಲ್ಪ ಕಡಿಮೆ ನೀರು ಹಾಕಿ ಸಿಪ್ಪೆ ಬಿಡೋವರೆಗೂ ಬೇಯಿಸಿ. ಆರಿದ ಮೇಲೆ ಪಂಚೆ ಬಟ್ಟೆಯಲ್ಲಿ ಹಿಂಡಿ. ಸಕ್ಕರೆ ರುಚಿ ನೋಡಿ ಹಾಕಿ, ಹುಳಿ ಇರೋದರಿಂದ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಆಮೇಲೆ ಇನ್ನೊಂದು ಕುದಿ ಬರಿಸಿ ಫ್ರಿಜ್‌ನಲ್ಲಿ ಇಡಿ. ಆ ಎರಡನೇ ಕುದಿ ಮಾತ್ರ ಬಿಡಬೇಡಿ, ಹೊರಗೇ ಇಟ್ಟರೆ ಎರಡು ಮೂರು ದಿನಕ್ಕೆ ನೊರೆ ಎದ್ದು ಅದು ತಾನಾಗೇ ವೈನ್ ಆಗೋಕೆ ಶುರು ಮಾಡುತ್ತದೆ.

ಹಿಂಡುವುದಕ್ಕೆ ಗಟ್ಟಿ ಕೈ ಬೇಕು. ನಮ್ಮಲ್ಲಿ ಹಿಂಡಿದ್ದು ಚಿಕ್ಕಪ್ಪ. ಸಿಪ್ಪೆಯನ್ನೆಲ್ಲ ಅಮ್ಮ ಗುಲಾಬಿ ಗಿಡದ ಬುಡಕ್ಕೆ ಹಾಕಿದರು.